ಎಡಗೆನ್ನೆ

ಮೂರನೆಯ ವರ್ಷದಲ್ಲಿ ಆದಿನಾರಾಯಣ ಸರ್ ನಮಗೊಂದು ಕೆಲಸ ಕೊಟ್ಟರು. ಪ್ರತಿಯೊಬ್ಬರೂ ತಮ್ಮ ಮುಖವನ್ನು ತಾವೇ ಐದು ಮಾಧ್ಯಮಗಳಲ್ಲಿ ಮಾಡಬೇಕು. ಪೆನ್ಸಿಲ್, ಇದ್ದಿಲು, ಜಲವರ್ಣ, ಲಿನೋ ಅಚ್ಚು. ಐದನೆಯದು ಅವರವರ ಇಷ್ಟ. ಫೋನಿನಲ್ಲಿ ಫೋಟೋ ತೆಗೆದುಕೊಂಡು ಅದನ್ನು ನೋಡಿ ಬರೆಯುವ ಹಾಗಿಲ್ಲ, ಕನ್ನಡಿಯ ಮುಂದೆ ಕೂತೇ ಬರೆಯಬೇಕು. ಎಲ್ಲ ಮುಗಿದ ಮೇಲೆ ಚಿತ್ರಗಳನ್ನು ಮಡಕಶಿರಕ್ಕೆ ಒಯ್ದು ಅಲ್ಲಿನ ಒಂದು ಸಭಾಂಗಣದಲ್ಲಿ ಪ್ರದರ್ಶನಕ್ಕೆ ಇಡುವುದು. ಸರ್ ಅವರ ಹುಟ್ಟೂರು ಆಂಧ್ರದ ಮಡಕಶಿರ. ತಮ್ಮ ಊರಿನವರಿಗೆ ಚಿತ್ರವೆಂದರೆ ಕ್ಯಾಲೆಂಡರಿನ ದೇವರು ಮಾತ್ರ ಎಂಬ ಕೊರಗು ಅವರಿಗೆ ಹಳೆಯದು. ವರ್ಷಕ್ಕೊಮ್ಮೆ ಬಳ್ಳಾರಿಯ ನಮ್ಮ ಚಿತ್ರಕಲಾ ಕಾಲೇಜಿನಿಂದ ನಮ್ಮ ಕೆಲಸಗಳನ್ನು ಹೊತ್ತುಕೊಂಡು ಹೋಗಿ ಆ ಕೊರಗು ತೀರಿಸಿಕೊಳ್ಳುತ್ತಾರೆ.

ಉಳಿದವರಿಗೆಲ್ಲ ಖುಷಿಯೋ ಖುಷಿ. ಒಬ್ಬಳಿಗೆ ತನ್ನ ಮೂಗು ದಪ್ಪ ಎಂಬ ಚಿಂತೆ, ಇನ್ನೊಬ್ಬನಿಗೆ ಮೀಸೆ ಸರಿಯಾಗಿ ಬಂದಿಲ್ಲ ಎಂಬ ಚಿಂತೆ. ನನ್ನ ಚಿಂತೆ ಬೇರೆ. ನನ್ನ ಮುಖದ ಎಡಭಾಗದಲ್ಲಿ ತೊನ್ನು ಇದೆ. ನನ್ನ ಅಕ್ಕ ಅಂಜನಾಳನ್ನು ಮದುವೆಯಾಗಲಿದ್ದ ಹುಡುಗ ಮಡಕಶಿರದ ಕಡೆಯವನು. ಅವನ ಮನೆಯವರಿಗೆ ಈ ವಿಷಯ ಗೊತ್ತಿರಲಿಲ್ಲ.

ರಾಯದುರ್ಗದ ನಮ್ಮ ಮನೆಯಲ್ಲಿ ಆ ಪದವನ್ನು ಯಾರೂ ಆಡುವುದಿಲ್ಲ. 'ಅದು' ಅನ್ನುತ್ತಾರೆ. "ಅದಕ್ಕ ಹಚ್ಕಂಡ್ಯಾ?" ಎಂದು ನಾನು ಬಳ್ಳಾರಿಯ ಬಸ್ಸಿಗೆ ಹೊರಡುವ ಮೊದಲು ಅವ್ವ ದಿನಾ ಬೆಳಿಗ್ಗೆ ಕೇಳುತ್ತಾಳೆ. ಎಂಟನೆಯ ಕ್ಲಾಸಿನಲ್ಲಿ ಕಣ್ಣಿನ ಕೊನೆಗೆ ತೊಗರಿಬೇಳೆಯಷ್ಟು ಬೆಳ್ಳಗಾಯಿತು. ಆಮೇಲೆ ಕೆನ್ನೆಗೆ ಇಳಿಯಿತು, ಆಮೇಲೆ ಬಾಯಿಯ ಅಂಚಿಗೆ. ಡಾಕ್ಟರು ಇದು ಅಂಟುವ ಕಾಯಿಲೆಯಲ್ಲ, ನೋವಿಲ್ಲ, ಏನೂ ಹೆದರಬೇಡಿ ಅಂದರು. ಅವ್ವ ಹೆದರಿದಳು. ಬಳ್ಳಾರಿಯ ಫ್ಯಾನ್ಸಿ ಅಂಗಡಿಗಳನ್ನೆಲ್ಲ ಸುತ್ತಿ ನನ್ನ ಮೈಬಣ್ಣಕ್ಕೆ ಸರಿಹೊಂದುವ ಕ್ರೀಮು ಹುಡುಕಿ ತಂದಳು. ಅಂದಿನಿಂದ ನಾನು ಬಚ್ಚಲಿನಿಂದ ಹೊರಗೆ ಬರುವುದೇ ಮುಖಕ್ಕೆ ಅದನ್ನು ಬಳಿದುಕೊಂಡು. ಮನೆಯ ಗಂಡಸರು ಅಂದರೆ ಅಪ್ಪ ಒಬ್ಬನೇ, ಅವನೂ ನನ್ನ ಬರೀ ಮುಖ ನೋಡಿ ವರ್ಷಗಳಾಗಿದ್ದವು.

ಅವ್ವನನ್ನು ಬಯ್ಯಲು ನನಗೆ ಮನಸ್ಸಾಗುವುದಿಲ್ಲ. ಅವಳ ಹೆದರಿಕೆಗೆ ಕಾರಣವಿತ್ತು. ಅಕ್ಕನನ್ನು ನೋಡಲು ಮೊದಲ ಸಲ ಕಲ್ಯಾಣದುರ್ಗದಿಂದ ಗಂಡಿನ ಕಡೆಯವರು ಬಂದಾಗ ನೀರಿನ ತಟ್ಟೆ ಹಿಡಿದು ಬಂದವಳು ನಾನು. ಬೇಸಿಗೆ. ಬೆವರಿಗೆ ಕ್ರೀಮು ನಿಲ್ಲಲಿಲ್ಲ. ಅವರು ನಗುನಗುತ್ತ ಮೈಸೂರುಪಾಕು ತಿಂದರು, ನಗುನಗುತ್ತ ಎದ್ದರು. ಬಾಗಿಲು ದಾಟುವಾಗ ಹುಡುಗನ ಚಿಕ್ಕಮ್ಮ ಇನ್ನೊಬ್ಬಳ ಕಿವಿಯಲ್ಲಿ, "ಚೆಲ್ಲೆಲಿಕಿ ಬೊಲ್ಲಿ ಉಂದಿ, ಚೂಸಿನಾವಾ?" ಅಂದಳು. ತಂಗಿಗೆ ತೊನ್ನು ಇದೆ, ನೋಡಿದೆಯಾ ಅಂತ. ತೆಲುಗಿನಲ್ಲಿ ಹೇಳಿದರೆ ನಮಗೆ ತಿಳಿಯದು ಅಂದುಕೊಂಡಿದ್ದಳೋ ಏನೋ, ಆಂಧ್ರಕ್ಕೆ ಸೇರಿದ ರಾಯದುರ್ಗದಲ್ಲಿ ತೆಲುಗು ಬಾರದವರು ಯಾರಿದ್ದಾರೆ! ಎರಡನೆಯ ಸಂಬಂಧದವರು ನಮ್ಮ ಮನೆಗೆ ಬರಲೇ ಇಲ್ಲ, ವಿಷಯ ಅವರಿಗೆ ಮೊದಲೇ ಮುಟ್ಟಿತ್ತು.

ಆಮೇಲೆ ಸಿಕ್ಕಿದವನು ತಿಮ್ಮರಾಜು. ಮಡಕಶಿರದ ಪಕ್ಕದ ಗುಡಿಬಂಡೆಯ ಹತ್ತಿರದ ಹಳ್ಳಿ, ಹಿಪ್ಪುನೇರಳೆ ತೋಟ, ರೇಷ್ಮೆ ಹುಳುವಿನ ಮನೆ. ತಂದೆ ಇಲ್ಲ, ತಾಯಿ ತಿಪ್ಪಮ್ಮನೇ ಎಲ್ಲ ನೋಡಿಕೊಳ್ಳುವವಳು. ಅಕ್ಕ ಜೀನ್ಸ್ ಯೂನಿಟ್ಟಿನಲ್ಲಿ ಸೊಂಟಪಟ್ಟಿ ಹೊಲಿಯುತ್ತಾಳೆ. ಬೆಳಗಿನಿಂದ ಮಷಿನ್ನಿನ ಮುಂದೆ ಬಗ್ಗಿ ಕೂತು ಸಂಜೆ ಮನೆಗೆ ಬಂದರೆ ಮಾತಿಗೊಮ್ಮೆ ಸಿಡುಕುವವಳು. ತಿಮ್ಮರಾಜು ಫೋನು ಮಾಡತೊಡಗಿದ ಮೇಲೆ ಮಾಳಿಗೆಯ ಮೇಲೆ ಹೋಗಿ ಸಣ್ಣ ದನಿಯಲ್ಲಿ ಮಾತಾಡುತ್ತಿದ್ದಳು, ಒಮ್ಮೊಮ್ಮೆ ಜೋರಾಗಿ ನಗುತ್ತಿದ್ದಳು. ಅವಳಿಗೆ ಹಾಗೆ ನಗಲು ಬರುತ್ತದೆಂದು ನಮಗೆ ಯಾರಿಗೂ ಗೊತ್ತಿರಲಿಲ್ಲ. ಹುಳುಗಳು ಸೊಪ್ಪು ತಿನ್ನುವಾಗ ಮಳೆ ಬಂದ ಹಾಗೆ ಸದ್ದಾಗುತ್ತದಂತೆ ಎಂದು ಒಂದು ದಿನ ತಾನೇ ಕಂಡುಬಂದವಳ ಹಾಗೆ ನನಗೆ ಹೇಳಿದಳು.

ನಿಶ್ಚಿತಾರ್ಥ ನಮ್ಮ ಮನೆಯಲ್ಲೇ ಆಯಿತು. ಚಿಕ್ಕ ಮಗಳಿಗೆ ಬಳ್ಳಾರಿಯಲ್ಲಿ ಪರೀಕ್ಷೆ ಇದೆ ಎಂದು ಬೀಗರಿಗೆ ಹೇಳಿದ್ದರು. ಚಿಕ್ಕ ಮಗಳು ಒಳಗಿನ ಕೋಣೆಯಲ್ಲಿ ಅಗಳಿ ಹಾಕಿಕೊಂಡು ಅಕ್ಕಿ ಮೂಟೆಯ ಮೇಲೆ ಕೂತಿದ್ದಳು. ಹೊರಗೆ ತಾಂಬೂಲ ಬದಲಿಸಿದ್ದು, ಹೆಂಗಸರು ಹಾಡಿದ್ದು ಎಲ್ಲ ಕೇಳಿಸಿತು. ಊಟದ ಹೊತ್ತಿಗೆ ಅವ್ವ ಹಿತ್ತಿಲ ಕಿಟಕಿಯಿಂದ ತಟ್ಟೆ ಕೊಟ್ಟಳು. ಕೊಡುವಾಗ ಅವಳು ನನ್ನ ಮುಖ ನೋಡಲಿಲ್ಲ, ನಾನೂ ಅವಳದನ್ನು ನೋಡಲಿಲ್ಲ. ಅದಕ್ಕೆ ನಾನೇ ಒಪ್ಪಿದ್ದೆ. ಅಕ್ಕನ ಮದುವೆ ಮುರಿದರೆ ಆ ಪಾಪ ನನ್ನ ಕೆನ್ನೆಗೇ ಅಂಟುತ್ತದೆ ಎಂದು ನನಗೂ ಭಯವಿತ್ತು.

ಇಂಥ ಮುಖ ಹೊತ್ತುಕೊಂಡು ನಾನು ಕನ್ನಡಿಯ ಮುಂದೆ ಕೂತೆ. ಕ್ರೀಮು ಹಚ್ಚಿಕೊಂಡೇ ಕೂತೆ.

ಪೆನ್ಸಿಲ್ಲಿನಲ್ಲಿ ಕಷ್ಟವಾಗಲಿಲ್ಲ. ಪೆನ್ಸಿಲ್ ಬಹಳ ವಿಧೇಯ, ನೀವು ಹೇಳಿದಷ್ಟೇ ಹೇಳುತ್ತದೆ. ಇದ್ದಿಲು ಕೂಡ ಬೆರಳಿನಿಂದ ತಿಕ್ಕಿದರೆ ಎಲ್ಲವನ್ನೂ ನುಣ್ಣಗೆ ಮುಚ್ಚುತ್ತದೆ. ಎರಡನ್ನೂ ಪಕ್ಕಪಕ್ಕ ಇಟ್ಟು ತೋರಿಸಿದಾಗ ಸರ್ ಒಂದೊಂದನ್ನೇ ಎತ್ತಿ ಬೆಳಕಿಗೆ ಹಿಡಿದರು.

"ಕೈ ಚೆನ್ನಾಗೈತೆ ಕಣಮ್ಮ ವಾಣಿಶ್ರೀ," ಅಂದರು. "ಆದ್ರೆ ಬಲಗಡೆ ನೋಡಿ ಬರ್ದಿದೀಯ, ಎಡಗಡೆ ನೋಡ್ದೆ ಬರ್ದಿದೀಯ. ಯಾಕಮ್ಮ? ಬೆಳಕು ಸರಿ ಬೀಳ್ತಿಲ್ವಾ?"

"ಹೌದ್ರಿ ಸರ್, ಕಿಟಕಿ ಆ ಕಡಿಗೈತ್ರಿ," ಅಂದೆ. ಪಾಪ, ಅವರು ಜಾಗ ಬದಲಿಸಿ ಕೂರಿಸಿದರು.

ಜಲವರ್ಣದಲ್ಲಿ ನಾನು ಸಿಕ್ಕಿಬಿದ್ದೆ. ಬಿಳಿ ಬಣ್ಣ ಬಳಸಬೇಡಿ, ಬಿಳಿ ಬೇಕಾದ ಕಡೆ ಕಾಗದವನ್ನೇ ಖಾಲಿ ಬಿಡಿ ಎಂದು ಸರ್ ಮೊದಲಿನಿಂದ ಹೇಳಿಕೊಟ್ಟಿದ್ದರು. ಹಾಗಾಗಿ ಎಲ್ಲಿ ಬಿಡಬೇಕು ಅನ್ನುವುದು ಬ್ರಷ್ ಎತ್ತುವ ಮೊದಲೇ ತೀರ್ಮಾನವಾಗಬೇಕು. ಎಡಗೆನ್ನೆ ಬಿಟ್ಟು ಉಳಿದ ಮುಖಕ್ಕೆಲ್ಲ ಬಣ್ಣ ಹಾಕಿ, ಆ ಖಾಲಿ ಕಾಗದ ನೋಡುತ್ತ ಕೂತೆ. ಒಂದು ಕ್ಷಣ ಅದು ನಿಜಕ್ಕೂ ನನ್ನ ಮುಖವಾಗಿತ್ತು. ಕೂಡಲೇ ಕಂದು ಬಣ್ಣ ಬಳಿದೆ, ಅವಸರದಲ್ಲಿ ಅಂಚು ಒಡೆದು ಕಲೆಯಾಯಿತು. ಲಿನೋದಲ್ಲಿಯೂ ಅದೇ ಕಥೆ. ಲಿನೋ ಹಾಳೆಯನ್ನು ಕೆತ್ತಿ, ಮಸಿ ಹಚ್ಚಿ ಕಾಗದಕ್ಕೆ ಒತ್ತಿದರೆ ಕೆತ್ತಿದ್ದು ಬೆಳ್ಳಗೆ ಬರುತ್ತದೆ, ಬಿಟ್ಟದ್ದು ಕಪ್ಪಗೆ. ಕೆನ್ನೆಯನ್ನು ಕೆತ್ತದೆ ಬಿಟ್ಟೆ. ನಾಲ್ಕು ಮುಖಗಳಾದವು, ನಾಲ್ಕೂ ಅವ್ವನ ಕ್ರೀಮಿನವು.

ಐದನೆಯದಕ್ಕೆ ಜೀನ್ಸ್ ಬಟ್ಟೆ ಆರಿಸಿಕೊಂಡೆ. ನಮ್ಮ ಊರಿನಲ್ಲಿ ಅದು ಬೇಕೆಂದಷ್ಟು ಸಿಗುತ್ತದೆ. ನಮ್ಮಪ್ಪ ಹುಲುಗಪ್ಪ, ಅಕ್ಕ ಹೊಲಿಯುವ ಯೂನಿಟ್ಟಿನಲ್ಲೇ ಕೊನೆಯ ಮೇಜಿನವನು. ತೊಳೆದು ಬಂದ ಪ್ಯಾಂಟುಗಳಲ್ಲಿ ಬ್ಲೀಚ್ ಬಿದ್ದು ಬೆಳ್ಳಗಾದವು ಇರುತ್ತವಲ್ಲ, ಅವುಗಳಿಗೆ ಡ್ಯಾಮೇಜ್ ಪೀಸ್ ಅನ್ನುತ್ತಾರೆ. ಅಪ್ಪ ನೀಲಿ ಬಣ್ಣವನ್ನು ಹದಮಾಡಿ, ಸಣ್ಣ ಬ್ರಷ್ಷಿನಿಂದ ಆ ಬಿಳಿ ಜಾಗಕ್ಕೆ ತುಂಬಿ, ಮೇಲೆ ಇಸ್ತ್ರಿ ಹಾಕುತ್ತಾನೆ. ಟಚಪ್ ಅಂತ ಅದರ ಹೆಸರು. ಊರಿನಲ್ಲಿ ಅವನ ಹೆಸರೂ ಟಚಪ್ ಹುಲುಗಪ್ಪ.

ಯೂನಿಟ್ಟಿಗೆ ರಜೆಯಿದ್ದ ಭಾನುವಾರ ಅಪ್ಪನಿಂದ ಕೀಲಿ ತೆಗೆದುಕೊಂಡು ಒಬ್ಬಳೇ ಹೋದೆ. ಹೊರಡುವ ಹೊತ್ತಿಗೆ ಅಕ್ಕನ ಫೋನಿಗೆ ನಿಶ್ಚಿತಾರ್ಥದ ಫೋಟೋಗಳು ಬಂದಿದ್ದವು. ಅಪ್ಪ, ಅವ್ವ, ಅಕ್ಕ, ಭಾವ, ತಿಪ್ಪಮ್ಮ, ಎದುರುಮನೆಯವರು, ಎದುರುಮನೆಯವರ ನೆಂಟರು ಕೂಡ ಸಾಲಾಗಿ ನಿಂತಿದ್ದರು. ಒಂದರಲ್ಲಿ ಎಲ್ಲರ ಹಿಂದೆ ಒಳಕೋಣೆಯ ಮುಚ್ಚಿದ ಬಾಗಿಲು ಕಾಣುತ್ತಿತ್ತು. ಒಪ್ಪಿಕೊಂಡು ಒಳಗೆ ಕೂತವಳಿಗೆ ಈಗೇಕೆ ಇಷ್ಟು ಸಿಟ್ಟು ಬರಬೇಕು ಎಂದು ನನಗೇ ತಿಳಿಯಲಿಲ್ಲ. ಆದರೆ ಬಂತು, ದಾರಿಯುದ್ದಕ್ಕೂ ಇಳಿಯಲಿಲ್ಲ.

ತಗಡಿನ ಮಾಡಿನ ಕೆಳಗೆ ಧಗೆ. ಕಡುನೀಲಿ ಬಟ್ಟೆಯನ್ನು ಹಲಗೆಗೆ ಬಿಗಿದು, ಎದುರಿಗೆ ಕನ್ನಡಿ ಇಟ್ಟುಕೊಂಡು, ಉಪ್ಪುಕಾಗದದಿಂದ ಉಜ್ಜತೊಡಗಿದೆ. ಹೊಸ ಪ್ಯಾಂಟನ್ನು ಹಳೆಯದು ಮಾಡುವುದು ಹಾಗೆಯೇ. ಉಜ್ಜಿದಲ್ಲಿ ನೀಲಿ ಹೋಗಿ ಬೆಳಕು ಬರುತ್ತದೆ, ಬಿಟ್ಟಲ್ಲಿ ನೆರಳು ಉಳಿಯುತ್ತದೆ. ಹಣೆ ಬಂತು, ಮೂಗು ಬಂತು, ಬಲಗೆನ್ನೆ ಬಂತು. ತಲೆಯೆತ್ತಿ ಕನ್ನಡಿ ನೋಡಿದರೆ ಬೆವರಿಗೆ ಕ್ರೀಮೆಲ್ಲ ಇಳಿದು ಕತ್ತಿಗೆ ಬಂದಿತ್ತು. ಎಡಗೆನ್ನೆ ತನ್ನಷ್ಟಕ್ಕೆ ತಾನು ಬೆಳ್ಳಗೆ ಇತ್ತು. ಒರೆಸಿಕೊಂಡೆ, ಪೂರಾ ಒರೆಸಿಕೊಂಡೆ. ಕಣ್ಣಿನ ಕೊನೆಯಿಂದ ಬಾಯಿಯವರೆಗೆ ಅದರ ಅಂಚನ್ನು ಹಿಂಬಾಲಿಸಿ ಉಜ್ಜಿದೆ. ಉಜ್ಜಿದರೆ ಬರುವ ಬಿಳಿ ಸಾಲದೆನಿಸಿ ಬ್ರಷ್ಷಿನಿಂದ ಬ್ಲೀಚ್ ಹಚ್ಚಿದೆ. ಅಷ್ಟು ವರ್ಷಗಳಲ್ಲಿ ನಾನು ಅದನ್ನು ಅಷ್ಟು ಹೊತ್ತು ನೋಡಿದ್ದು ಅದೇ ಮೊದಲು. ಅಳು ಬರಲಿಲ್ಲ. ಹಗುರಾಯಿತು. ಬಟ್ಟೆಯನ್ನು ತೊಳೆದು, ಅಪ್ಪನ ಮೇಜಿನ ಹಿಂದಿನ ತಂತಿಗೆ ಒಣಗಹಾಕಿ ಮನೆಗೆ ಬಂದೆ.

ಮಡಕಶಿರಕ್ಕೆ ಅದನ್ನು ಕಳಿಸುವ ಯೋಚನೆ ನನಗಿರಲಿಲ್ಲ. ಸರ್ ಒಬ್ಬರಿಗೆ ತೋರಿಸಿ, ನಾಲ್ಕನ್ನು ಮಾತ್ರ ಕಳಿಸಿ, ಇದನ್ನು ನನ್ನ ಹತ್ತಿರವೇ ಇಟ್ಟುಕೊಳ್ಳುವುದು ಎಂದಿದ್ದೆ.

ಬುಧವಾರ ಕಾಲೇಜಿಗೆ ರಜೆಯಿತ್ತು. ಮಧ್ಯಾಹ್ನ ಊಟಕ್ಕೆ ಬಂದ ಅಪ್ಪನ ಕಂಕುಳಲ್ಲಿ ಬಟ್ಟೆಯ ಸುರುಳಿ ಇತ್ತು. ಮುಖದಲ್ಲಿ ಗೆದ್ದವನ ಕಳೆ.

"ತಗ, ನಿನ್ನ ಪರೀಕ್ಷಿ ಚಿತ್ರ. ಪುಣ್ಯಕ್ಕ ನನ್ನ ಕಣ್ಣಿಗೆ ಬಿತ್ತು," ಅಂದ. "ಅದರ ಮ್ಯಾಲೆ ಯಾರೋ ಬ್ಲೀಚ್ ಚೆಲ್ಲಿದ್ರು ನೋಡು, ಅರ್ಧ ಮುಖ ಹಾಳಾಗಿತ್ತು. ಗುರ್ತು ಸಿಗದಂಗ ಸರಿ ಮಾಡೀನಿ."

ಬಿಚ್ಚಿ ನೋಡಿದೆ. ಬಲಗೆನ್ನೆಯ ನೀಲಿಯೇ ಎಡಗೆನ್ನೆಗೂ ಬಂದಿತ್ತು. ಅದೇ ಹದ, ಅದೇ ನೂಲು. ಎಲ್ಲಿ ಬಿಳಿಯಿತ್ತು ಎಂದು ನನಗೇ ಹುಡುಕಬೇಕಾಯಿತು.

"ಯಾರೂ ಚೆಲ್ಲಿಲ್ಲಪ್ಪ. ಅದು ನನ್ನ ಮುಖ."

"ನಿನ್ನ ಮುಖ ಅಂತ ನನಗ ಗೊತ್ತಾಗಲ್ಲೇನು?" ಅಪ್ಪ ನಕ್ಕ. "ನೋಡಿದ ಕೂಡ್ಲೇ ಗೊತ್ತಾತು. ಅದಕ್ಕ ಅಲ್ಲೇನು, ನಿನ್ನಿ ಊಟದ ಹೊತ್ತಿನ್ಯಾಗೂ ಕುಂತು ಸರಿ ಮಾಡಿದ್ದು?"

"ಆ ಬಿಳೀದೂ ನಂದೇ."

ಅವನಿಗೆ ಅರ್ಥವಾಗಲಿಲ್ಲ. ಮುದ್ದೆ ಮುರಿಯುತ್ತ ನನ್ನನ್ನೇ ನೋಡಿದ. ನಾನು ಬಚ್ಚಲಿಗೆ ಹೋಗಿ ಸೋಪು ಹಚ್ಚಿ ಮುಖ ತೊಳೆದುಕೊಂಡು ಬಂದು ಅವನ ಎದುರಿಗೆ ನಿಂತೆ. ಅವ್ವ ಅಡುಗೆಮನೆಯಿಂದ "ಏ ವಾಣಿ!" ಎಂದು ಕೂಗಿದಳು. ಅಪ್ಪ ತುತ್ತನ್ನು ತಟ್ಟೆಗೆ ಇಳಿಸಿದ.

"ಇಷ್ಟು ದೊಡ್ಡದಾಗೈತೇನು?" ಅಂದ.

ನಾನು ಎಡಗೆನ್ನೆಯನ್ನು ಬಾಗಿಲಿನ ಬೆಳಕಿಗೆ ತಿರುಗಿಸಿದೆ.

"ಕಣ್ಣಿನ ಹತ್ರ ಒಂದು ಬೊಟ್ಟು ಇತ್ತಲ್ಲ, ಅಷ್ಟೇ ಐತಿ ಅನ್ಕಂಡಿದ್ದೆ ನಾನು. ಲಕ್ಷ್ಮಿ, ಇಷ್ಟಾಗೈತಿ ಅಂತ ನನಗ್ಯಾಕ ಹೇಳ್ಲಿಲ್ಲ?"

"ಏನಂತ ಹೇಳ್ಲಿ?" ಅವ್ವ ಸೆರಗಿನಲ್ಲಿ ಕೈ ಒರೆಸುತ್ತ ಬಾಗಿಲಲ್ಲಿ ನಿಂತಳು. "ದಿನಾ ಅದನ್ನ ಮುಚ್ಚೋದ್ರಾಗ ನನ್ನ ಜೀವ ಹೋಗೈತಿ. ತೆಗೆದು ತೋರಿಸ್ಲೇನು?"

ಅಪ್ಪನಿಗೆ ಊಟ ಇಳಿಯಲಿಲ್ಲ. ತಟ್ಟೆಯಲ್ಲೇ ಕೈತೊಳೆದುಕೊಂಡ. ಅಪರಿಚಿತರ ಪ್ಯಾಂಟಿನ ಮೇಲಿನ ಚುಕ್ಕೆಯನ್ನು ಮಾರು ದೂರದಿಂದ ಕಾಣುವ ಮನುಷ್ಯ ಅವನು. ನನಗೆ ಅವನ ಮೇಲಿದ್ದ ಸಿಟ್ಟೆಲ್ಲ ಹೋಗಿ ಸಂಕಟವಾಯಿತು.

ಕೊನೆಗೆ ಎದ್ದ. "ನಡಿ, ಯೂನಿಟ್ಟಿಗೆ ಹೋಗಣ. ನಾನು ತುಂಬಿದ್ದು ನಾನೇ ತೆಗಿತೀನಿ. ಆದ್ರ ಅಂಚು ಹೆಂಗಿತ್ತು ಅಂತ ನನಗ ನೆಪ್ಪಿಲ್ಲ. ನೀನು ಎದುರಿಗೆ ಕುಂದ್ರಬೇಕು."

"ಹಂಗ ಬರೇ ಮುಖದಾಗ ಹೋಗಬ್ಯಾಡ," ಅಂದಳು ಅವ್ವ. "ಅಲ್ಲಿ ಹೆಣ್ಮಕ್ಳು ಇರ್ತಾರ. ಮಾತು ಮಡಕಶಿರಕ್ಕ ಹೋಗಾಕ ಎಷ್ಟೊತ್ತು?"

ಅಪ್ಪ ಕೇಳಿಸಿಕೊಳ್ಳದವನ ಹಾಗೆ ಚಪ್ಪಲಿ ಮೆಟ್ಟಿದ. ನಾನು ಹಿಂದೆ ಹೊರಟೆ. ಹಗಲು ಹೊತ್ತಿನಲ್ಲಿ ನನ್ನ ಕೆನ್ನೆಗೆ ಗಾಳಿ ಸೋಕಿದ್ದು ನನಗೆ ವಿಚಿತ್ರವಾಗಿತ್ತು. ಬೀದಿಯಲ್ಲಿ ಯಾರೂ ಅಷ್ಟು ನೋಡಲಿಲ್ಲ, ಅಥವಾ ನೋಡಿದ್ದು ನನಗೆ ತಿಳಿಯಲಿಲ್ಲ. ಯೂನಿಟ್ಟಿನ ಒಳಗೆ ಮಷಿನ್ನುಗಳ ಮುಂದಿನ ಹೆಂಗಸರು ಮಾತ್ರ ತಲೆಯೆತ್ತಿದರು. ಗುಂಡಿ ಹಾಕುವ ಪಾಲಮ್ಮ, "ಏನಾತಣ್ಣ ಮಗಳಿಗೆ?" ಅಂದಳು.

"ಏನೂ ಆಗಿಲ್ಲ. ಮೊದ್ಲಿಂದ ಐತಿ," ಅಂದ ಅಪ್ಪ.

ಸಾಲಿನ ಕೊನೆಯಲ್ಲಿದ್ದ ಅಕ್ಕ ಇದನ್ನು ಕೇಳಿದಳು. ಅವಳ ಮಷಿನ್ನು ನಿಂತಿತು. ಆಮೇಲೆ ಮತ್ತೆ ಓಡಿತು, ಮೊದಲಿಗಿಂತ ಜೋರಾಗಿ.

ಅಪ್ಪ ನನ್ನನ್ನು ಕಿಟಕಿಯ ಬೆಳಕಿನಲ್ಲಿ ಸ್ಟೂಲಿನ ಮೇಲೆ ಕೂರಿಸಿದ. ಬಟ್ಟೆಯನ್ನು ಮೇಜಿಗೆ ಬಿಗಿದು, ಬ್ಲೀಚನ್ನು ಬಟ್ಟಲಿಗೆ ಹಾಕಿ ತೆಳು ಮಾಡಿದ. ಅವನ ಕೆಲಸ ಯಾವಾಗಲೂ ಬಿಳಿಯನ್ನು ಮುಚ್ಚುವುದು. ತೆರೆಯುವುದು ಅವನಿಗೆ ಹೊಸದು. ನನ್ನ ಮುಖ ನೋಡುವನು, ಬ್ರಷ್ಷಿನ ತುದಿ ಒಂದಿಷ್ಟು ತಾಗಿಸುವನು, ಮತ್ತೆ ನೋಡುವನು. "ಆ ಕಡೆ ತಿರುಗವಾ," ಅಂದ. "ಈ ಬಾಯಿ ಹತ್ರ ಇದು ಹೊಸದೇನು?" ಅಂದ. ಹೋದ ವರ್ಷದ್ದು ಅಂದೆ. ತಲೆಯಾಡಿಸಿದ. ಕೆನ್ನೆಯ ನಡುವೆ ಒಂದು ಕಡೆ ಕಂದು ಬಣ್ಣ ತನ್ನಷ್ಟಕ್ಕೆ ಚುಕ್ಕೆಚುಕ್ಕೆಯಾಗಿ ಮರಳಿ ಬಂದಿದೆ, ಅದನ್ನು ನಾನು ಬಿಡಿಸಿರಲಿಲ್ಲ. ಅಪ್ಪ ಅದನ್ನೂ ಬಿಡಿಸಿದ. ಬ್ಲೀಚಿಗೆ ಅವನ ಕಣ್ಣಿನಲ್ಲಿ ನೀರು ಬರುತ್ತಿತ್ತು. ಬ್ಲೀಚಿಗೇ ಅಂದುಕೊಳ್ಳೋಣ.

"ಇದನ್ನ ಮಡಕಶಿರಕ್ಕ ಕಳಸ್ತೀಯಲ್ಲ?" ಎಂದು ಕೊನೆಗೆ ಕೇಳಿದ.

"ಇಲ್ಲಪ್ಪ. ಬೀಗರು ನೋಡ್ತಾರ."

"ನೋಡ್ಲಿ. ಕಳಸು."

ಆ ಸಂಜೆ ಮನೆಯಲ್ಲಿ ಅವ್ವ ಗೋಡೆಗೆ ತಲೆ ಆನಿಸಿ ಕೂತಳು. "ಒಂದು ಬಟ್ಟಿ ಸಲುವಾಗಿ ಹುಡುಗಿ ಬದುಕು ಹಾಳು ಮಾಡ್ತೀರಿ," ಅಂದಳು. ಅಪ್ಪ, ಎಷ್ಟು ದಿನ ಮುಚ್ಚಿಡುವುದು, ಮದುವೆಯಾದ ಮೇಲೆ ಗೊತ್ತಾದರೆ ಅಂಜನಾಳನ್ನು ಅಲ್ಲಿ ಬಾಳಿಸುತ್ತಾರೆಯೇ ಎಂದು ಕೇಳಿದ. ಇಬ್ಬರ ದನಿಯೂ ಏರಿತು. ಅಕ್ಕ ಊಟದ ತಟ್ಟೆಗಳನ್ನು ದಡಾರನೆ ಇಟ್ಟಳು.

"ನನ್ನ ಮದುವಿ. ನನ್ನನ್ನ ಯಾರೂ ಕೇಳಂಗಿಲ್ಲೇನು?"

ಎಲ್ಲರೂ ಅವಳ ಕಡೆ ನೋಡಿದೆವು. ಬೇಡ ಅಂದಿದ್ದರೆ ನಾನು ಆ ಬಟ್ಟೆಯನ್ನು ಅಲ್ಲೇ ಒಲೆಗೆ ಹಾಕುತ್ತಿದ್ದೆ, ನಿಜವಾಗಿ.

"ಗೋಡಿ ಮ್ಯಾಲೆ ನೋಡಿ ಅವರು ತಿಳ್ಕಳದು ಬ್ಯಾಡ," ಅಂದಳು. "ಅವರನ್ನ ಕರೀರಿ. ಪ್ರದರ್ಶನದ ದಿನ ಬರ್ಲಿ. ನಾವೇ ಹೇಳಣ." ಇಷ್ಟು ಹೇಳಿ ಮಾಳಿಗೆಗೆ ಹೋದಳು. ಅಂದು ಅವಳು ನಕ್ಕಿದ್ದು ಕೇಳಿಸಲಿಲ್ಲ.

ಕಲ್ಯಾಣದುರ್ಗದಲ್ಲಿ ಬಸ್ ಬದಲಿಸಿ ನಾವು ನಾಲ್ವರೂ ಮಡಕಶಿರ ತಲುಪುವಷ್ಟರಲ್ಲಿ ಸರ್ ಚಿತ್ರಗಳನ್ನೆಲ್ಲ ತೂಗುಹಾಕಿದ್ದರು. ನನ್ನ ಐದು ಒಂದೇ ಗೋಡೆಯಲ್ಲಿದ್ದವು. ನಾಲ್ಕು ಮುಖಗಳು ಒಂದರ ಪಕ್ಕ ಒಂದು ಚೊಕ್ಕವಾಗಿ, ಕೊನೆಯಲ್ಲಿ ಅಗಲವಾದ ನೀಲಿ ಬಟ್ಟೆ. ನಾನು ಕ್ರೀಮು ಹಚ್ಚಿಕೊಂಡು ಹೋಗಿರಲಿಲ್ಲ. ಸರ್ ನನ್ನನ್ನು ನೋಡಿದರು, ಪೆನ್ಸಿಲ್ ಚಿತ್ರವನ್ನು ನೋಡಿದರು. "ಕಿಟಕಿ ಆ ಕಡೆ ಇತ್ತು ಅಂದ್ಯಲ್ಲಮ್ಮ," ಅಂದರು ಮೆಲ್ಲಗೆ.

ತಿಪ್ಪಮ್ಮ ಮತ್ತು ತಿಮ್ಮರಾಜು ಗುಡಿಬಂಡೆಯಿಂದ ಆಟೋದಲ್ಲಿ ಬಂದರು. ತಿಪ್ಪಮ್ಮ ಅಕ್ಕನ ಗಲ್ಲ ಹಿಡಿದು ಮಾತಾಡಿಸಿ, ಅವ್ವನ ಕೈ ಹಿಡಿದುಕೊಂಡೇ ನನ್ನ ಕಡೆ ತಿರುಗಿದಳು. ಕೈ ಸಡಿಲವಾಯಿತು.

ಅಪ್ಪ ಮುಂದೆ ಬಂದ. "ಇವಳು ನನ್ನ ಸಣ್ಣ ಮಗಳು ವಾಣಿಶ್ರೀ. ನಿಶ್ಚಿತಾರ್ಥದ ದಿನ ಪರೀಕ್ಷಿ ಇರಲಿಲ್ರಿ, ಮನ್ಯಾಗೇ ಇದ್ಲು. ಇದು ಎಂಟನೇ ಕ್ಲಾಸಿನಿಂದ ಐತಿ. ನಿಮಗ ಹೇಳ್ದಿದ್ದು ನಮ್ಮದು ತಪ್ಪಾತ್ರಿ."

ತಿಪ್ಪಮ್ಮ ಗೋಡೆಯ ಹತ್ತಿರ ಹೋದಳು. ಒಂದೊಂದೇ ಚಿತ್ರದ ಮುಂದೆ ನಿಂತಳು. ನೀಲಿ ಬಟ್ಟೆಯ ಮುಂದೆ ಬಹಳ ಹೊತ್ತು ನಿಂತಳು. ತಿಮ್ಮರಾಜು ಬಟ್ಟೆಯ ಅಂಚು ಮುಟ್ಟಿ ನೋಡಿ, "ಇದನ್ನ ಎಂಗ್ ಮಾಡಿದ್ರಿ?" ಎಂದು ನನ್ನನ್ನು ಕೇಳಿದ. ಉಜ್ಜಿ, ಅಂದೆ. ಬೆರಗಾದ. ಒಳ್ಳೆಯ ಕಣ್ಣುಗಳು, ಅಕ್ಕ ಸುಳ್ಳು ಹೇಳಿರಲಿಲ್ಲ.

ತಿಪ್ಪಮ್ಮ ಬಂದು ಬೆಂಚಿನ ಮೇಲೆ ಕೂತಳು. ಅವಳ ದನಿಯಲ್ಲಿ ಕೋಪವಿರಲಿಲ್ಲ.

"ಅಣ್ಣ, ನಾನು ಓದ್ದೋಳಲ್ಲ. ಆದ್ರೂ ಇದು ಅಂಟ್ಕಳ್ಳೋ ಕಾಯ್ಲೆ ಅಲ್ಲ ಅಂತ ನಂಗೊತ್ತು. ಮೊದ್ಲೇ ಹೇಳ್ಬೇಕಿತ್ತು, ಅದೊಂದು ಬೇಜಾರು. ಹೋಗ್ಲಿ ಬಿಡಿ. ಅಂಜನಾ ಅಂದ್ರೆ ನಮ್ಮ ಮನೇಲಿ ಎಲ್ರಿಗೂ ಇಷ್ಟ. ಮದ್ವೆ ಆಗ್ಲಿ."

ಅವ್ವ ಬಿಕ್ಕಿದಳು. ಕೈಮುಗಿದಳು.

"ಆದ್ರೆ ಒಂದು ಮಾತು," ಅಂದಳು ತಿಪ್ಪಮ್ಮ. "ಮದ್ವೆಗೆ ನಮ್ಮ ನೆಂಟ್ರೆಲ್ಲ ಬತ್ತಾರೆ. ನಂಗಿನ್ನೂ ಇಬ್ರು ಹೆಣ್ಮಕ್ಳು ಅವ್ರೆ, ಅವ್ರಿಗೂ ಗಂಡು ನೋಡ್ಬೇಕು. ಜನ ಎಂಥೋರು ಅಂತ ನಿಮ್ಗೇ ಗೊತ್ತು. ಮುಹೂರ್ತದ ದಿನ ಈ ಮಗು ಮನೇಲೇ ಇರ್ಲಿ. ಅದೊಂದೇ ದಿನ. ಆಮೇಲೆ ನಮ್ಮನೇಗೆ ಬರ್ಲಿ, ಹೋಗ್ಲಿ, ಯಾರು ಬ್ಯಾಡ ಅಂತಾರೆ?"

ಅದು ಕೆಟ್ಟವಳ ಮಾತಾಗಿರಲಿಲ್ಲ. ನಮ್ಮವ್ವನೇ ಆ ಬೆಂಚಿನ ಮೇಲೆ ಕೂತಿದ್ದರೂ ಅದನ್ನೇ ಹೇಳುತ್ತಿದ್ದಳು. ಅವ್ವ ಆಗಲೇ ಒಪ್ಪಿ ತಲೆಯಾಡಿಸುತ್ತಿದ್ದಳು. ಅಪ್ಪ ನೆಲ ನೋಡಿದ, ಅವನಲ್ಲಿದ್ದ ಧೈರ್ಯ ಅಷ್ಟಕ್ಕೇ ಮುಗಿದಿತ್ತು. ನಾನೂ ಆಗಲಿ ಅಂದೆ. ಒಂದು ದಿನ ತಾನೇ, ಅಕ್ಕಿ ಮೂಟೆಯ ಮೇಲೆ ಕೂತು ನನಗೆ ಅಭ್ಯಾಸವಿತ್ತು.

"ಹಂಗಾದ್ರ ಅವತ್ತು ನಾನೂ ಮನ್ಯಾಗ ಇರ್ತೀನ್ರಿ ಅತ್ತಿ," ಅಂದಳು ಅಕ್ಕ.

ತಮಾಷೆ ಮಾಡುತ್ತಿದ್ದಾಳೆ ಎಂದು ತಿಮ್ಮರಾಜು ನಗಲು ಹೋದ. ಅವಳ ಮುಖ ನೋಡಿ ನಿಲ್ಲಿಸಿದ.

"ಒಂದು ದಿನದ ಮಾತು ಕಣಮ್ಮ," ಅಂದಳು ತಿಪ್ಪಮ್ಮ.

"ಒಂದು ಸಲ ಇವಳನ್ನ ಒಳಗ ಕೂಡಿಸಿ ನಾನು ಹೊರಗ ಹೂವ ಮುಡ್ಕಂಡು ಕುಂತಿದ್ದೀನ್ರಿ. ಅವತ್ತು ಉಂಡಿದ್ದು ನನಗ ಇನ್ನೂ ಅರಗಿಲ್ಲ. ಇನ್ನೊಮ್ಮೆ ಆಗಂಗಿಲ್ಲ. ನಾಳೆ ನನ್ನ ಕೂಸಿಗೆ ಹಿಂಗಾದ್ರ ಅದನ್ನೂ ಒಳಗ ಕೂಡ್ಸು ಅಂತೀರಿ, ನಾನು ಕೂಡಸ್ತೀನಿ. ನಾವು ಅಂಥೋರೇ ಅದೀವ್ರಿ. ಅದಕ್ಕ ಬ್ಯಾಡ."

"ಅಂಜು," ಅಂದಳು ಅವ್ವ. ಅಕ್ಕ ತಿರುಗಿ ನೋಡಲಿಲ್ಲ. ಅವಳು ತಿಮ್ಮರಾಜುವಿನ ಕಡೆ ನೋಡುತ್ತಿದ್ದಳು. ಅವನು ಏನಾದರೂ ಹೇಳಲಿ ಎಂದು ಕಾಯುತ್ತಿದ್ದಳು. ನಾವೆಲ್ಲರೂ ಕಾದೆವು. ಅವನ ಬಾಯಿ ತೆರೆಯಿತು, ತಾಯಿಯ ಕಡೆ ನೋಡಿದ, ಬಾಯಿ ಮುಚ್ಚಿತು.

ತಿಪ್ಪಮ್ಮ ಸೀರೆ ಸರಿಪಡಿಸಿಕೊಂಡು ಎದ್ದಳು. "ಯೋಚ್ನೆ ಮಾಡಿ ಹೇಳಿ ಅಣ್ಣ," ಅಂದಳು ಅಪ್ಪನಿಗೆ. ನನ್ನ ತಲೆಯ ಮೇಲೆ ಒಂದು ಕ್ಷಣ ಕೈ ಇಟ್ಟಳು. ಮಗ ಅವಳ ಹಿಂದೆ ಬಾಗಿಲಿನವರೆಗೆ ಹೋಗಿ, ಒಮ್ಮೆ ತಿರುಗಿ ನೋಡಿ, ಮೆಟ್ಟಿಲಿಳಿದ. ಆಟೋ ಹೊರಟ ಸದ್ದು ಕೇಳಿಸಿತು.

ಅಕ್ಕ ಅದೇ ಬೆಂಚಿನ ಮೇಲೆ ಕುಸಿದಳು. ಸೆರಗು ಬಾಯಿಗೆ ಒತ್ತಿಕೊಂಡು ಅತ್ತಳು. ಅವಳು ಅಳುವುದು ಕೂಡ ನನಗೆ ಹೊಸದು. "ಚಲೋ ಇದ್ದ ಅಂವ," ಅಂದಳು ನನಗೆ. "ಬಾಳ ಚಲೋ ಇದ್ದ."

ಅವ್ವ ಆಟೋದ ಹಿಂದೆ ಬೀದಿಗೆ ಓಡಿದ್ದಳು, ಅಪ್ಪ ಅವಳನ್ನು ಕರೆತರಲು ಹೋದ. ನನ್ನಿಂದ ತಡೆಯಲಾಗಲಿಲ್ಲ. ಬಟ್ಟೆಯನ್ನು ಇಳಿಸಿಬಿಟ್ಟರೆ, ಓಡಿ ಹೋಗಿ ಅವರನ್ನು ನಿಲ್ಲಿಸಿ ಆಗಲಿ ಅಂದುಬಿಟ್ಟರೆ, ಇನ್ನೂ ಸರಿಹೋಗಬಹುದು ಅನಿಸಿತು. ಗೋಡೆಯ ಹತ್ತಿರ ಹೋಗಿ ಮೊಳೆಗೆ ಕೈ ಹಾಕಿದೆ.

"ಮುಟ್ಟಬ್ಯಾಡ ಅದನ್ನ," ಅಂದಳು ಅಕ್ಕ. ಕಣ್ಣು ಒರೆಸಿಕೊಂಡಿರಲಿಲ್ಲ, ದನಿಯಲ್ಲಿ ಯೂನಿಟ್ಟಿನ ಗಡಸಿತ್ತು. "ನನ್ನ ಮದುವಿ ಕೊಟ್ಟು ಇಟ್ಟೀನಿ ಅದನ್ನ ಅಲ್ಲಿ. ಇರ್ಲಿ."

ನಾನು ಕೈ ಕೆಳಗಿಳಿಸಿದೆ.